ಮೈದಾನದ ಬಾಗಿಲಲ್ಲಿ ತೆಗೆಸಿದ ಲಿಂಗ

ಅತ್ತೆಯವರ ಕೊರಳಿನಿಂದ ಲಿಂಗ ತೆಗೆಸಿದ ಕೈ ನನ್ನದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಬರೆಯುತ್ತ ಬರೆಯುತ್ತ ತಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಬೇರೆಯವರ ಕಡೆಗೆ ಸರಿಸಿಬಿಡುತ್ತೇನೆ ಎಂಬ ಭಯ ನನಗಿದೆ.

ನಮ್ಮ ಮನೆ ಕಲಬುರಗಿಯಲ್ಲಿ. ನಮ್ಮವರದು ಇಲ್ಲಿನ ದೊಡ್ಡ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ. ಅತ್ತೆ ವರ್ಷದಲ್ಲಿ ಅರ್ಧ ನಮ್ಮ ಜೊತೆ ಇರುತ್ತಾರೆ, ಇನ್ನರ್ಧ ಕಮಲಾಪುರದಲ್ಲಿ, ಕೆಂಪು ಬಾಳೆಯ ತೋಟ ನೋಡಿಕೊಳ್ಳುವ ಮೈದುನನ ಮನೆಯಲ್ಲಿ. ಎಲ್ಲಿದ್ದರೂ ಅವರ ಬೆಳಗು ಒಂದೇ ತರಹ. ಸ್ನಾನ, ಹಣೆಗೆ ವಿಭೂತಿ, ಬೆಳ್ಳಿಯ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ, ಅದಾದ ಮೇಲೆಯೇ ಬಾಯಿಗೆ ನೀರು. ಆ ಲಿಂಗ ಅವರು ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು. ಕರಡಿಗೆ ಎರಡು ಸಲ ಬದಲಾಗಿದೆ, ದಾರ ಎಷ್ಟು ಸಲವೋ ಗೊತ್ತಿಲ್ಲ, ಒಳಗಿನದು ಅದೇ. ಪಿತ್ತಕೋಶದ ಆಪರೇಷನ್ ಆದಾಗ ಕೂಡ ದಾರವನ್ನು ಮುಂಗೈಗೆ ಸುತ್ತಿಸಿಕೊಂಡೇ ಒಳಗೆ ಹೋಗಿದ್ದರು. ನನ್ನದು ಮಾತ್ರ ದೇವರ ಗೂಡಿನಲ್ಲಿರುತ್ತದೆ, ಹಬ್ಬಕ್ಕೆ ಹೊರಬರುತ್ತದೆ. ಅದಕ್ಕಾಗಿ ಅತ್ತೆ ನನಗೆ ಒಂದು ದಿನವೂ ಒಂದು ಮಾತು ಅಂದವರಲ್ಲ.

ಅವರ ಇನ್ನೊಂದು ಹುಚ್ಚು ಕ್ರಿಕೆಟ್ಟು. ಕಮಲಾಪುರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯ ಗೋಡೆಯಾಚೆ ಮಾವನವರ ರೇಡಿಯೋ ಕೂಗುತ್ತಿತ್ತಂತೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಂದಿಯನ್ನೂ ಆಟವನ್ನೂ ಒಟ್ಟಿಗೇ ಕಲಿತರು. ಯಾವ ಆಟಗಾರ ಎಲ್ಲಿ ನಿಂತಿದ್ದಾನೆ ಎನ್ನುವುದನ್ನು ಟಿ.ವಿ. ನೋಡದೆ ಹೇಳಬಲ್ಲರು.

ಶಹಾಬಜಾರದಲ್ಲಿ ಕಾಶಿ, ಕೇದಾರಕ್ಕೆ ಬಸ್ಸು ಬಿಡುವ ಒಬ್ಬರಿದ್ದಾರೆ. ನಾವು ಅವರನ್ನು ಯಾತ್ರೆಯವರು ಎಂದೇ ಕರೆಯುವುದು. ಆ ವರ್ಷ ಅವರು ನಮ್ಮ ದೇಶದ ತಂಡದ ಬೆನ್ನಿಗೆ ಇಂಗ್ಲೆಂಡಿಗೆ ಅಭಿಮಾನಿಗಳನ್ನು ಕರೆದೊಯ್ಯುವ ಪ್ರವಾಸ ಹಾಕಿದರು. ಹಾಕಿದ್ದು ಯಾತ್ರೆಯ ತರಹವೇ: ಕೊರಳಿಗೆ ಗುರುತಿನ ಚೀಟಿ, ಜೊತೆಗೊಬ್ಬ ಅಡುಗೆಯವನು, ಬೆಳಿಗ್ಗೆ ಹಾಜರಿ, ಬಸ್ಸು ಹೊರಟಾಗ ಜೈಕಾರ. ಅವರು ಮನೆಗೆ ಬಂದಾಗ ಅತ್ತೆ ತಾವಾಗಿಯೇ, “ನನ್ನ ಹೆಸರೂ ಬರಕೋರಿ” ಎಂದರು.

“ಅಮ್ಮಾರ, ಕಾಶಿಗೆ ಬರ್ರಿ ಅಂದ್ರ ಮೊಣಕಾಲ ನೋವು ಅಂದಿದ್ರಿ. ಇದಕ್ಕ ಮೊಣಕಾಲ ಸುಮ್ಮ ಕುಂತಾವೇನ್ರಿ?”

“ಕಾಶಿ ಎಲ್ಲಿ ಹೋಗತದಪ್ಪಾ. ಈ ಮ್ಯಾಚ್ ಐದೇ ದಿನ ಇರತದ.”

ಹೀಗೆ ನಾವು ಮೂವರೂ ಹೊರಟೆವು. ನಮ್ಮವರು, ಅತ್ತೆ, ನಾನು. ಮೂವತ್ತು ಜನರ ಗುಂಪಿನಲ್ಲಿ ಇಂಗ್ಲಿಷ್ ಸರಾಗವಾಗಿ ಮಾತಾಡುವವಳು ನಾನೊಬ್ಬಳೇ. ವಿಮಾನದಲ್ಲಿ ನೀರು ಕೇಳುವುದರಿಂದ ಹಿಡಿದು ಹೋಟೆಲಿನ ಬಿಸಿನೀರಿನ ನಲ್ಲಿ ತಿರುಗಿಸುವುದರವರೆಗೆ ಎಲ್ಲರೂ ನನ್ನನ್ನೇ ಕರೆಯುತ್ತಿದ್ದರು. ನನಗೆ ಅದು ಸ್ವಲ್ಪ ಹೆಮ್ಮೆಯನ್ನೂ ತಂದಿತ್ತು.

ಟೆಸ್ಟ್ ಪಂದ್ಯದ ಮೊದಲ ದಿನ ಹಾಜರಿ ಮುಗಿದು ಬಸ್ಸು ಮೈದಾನ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಬಾಗಿಲಲ್ಲಿ ಉದ್ದನೆಯ ಸಾಲು. ಅತ್ತೆ ಇಳಕಲ್ ಸೀರೆಯ ಮೇಲೆ ತಂಡದ ನೀಲಿ ಜರ್ಸಿ ಹಾಕಿಕೊಂಡಿದ್ದರು. ಅದರ ಕುತ್ತಿಗೆ ಬಿಗಿಯಾಗಿತ್ತು, ಎದೆಯ ಮೇಲೆ ಕರಡಿಗೆಯ ಉಬ್ಬು ಕಾಣುತ್ತಿತ್ತು. ತಪಾಸಣೆಯ ಹೆಂಗಸು ಕೋಲಿನಂಥ ಯಂತ್ರವನ್ನು ಅಲ್ಲಿಗೆ ತಂದಾಗ ಅದು ಕೂಗಿತು.

ಅದೇನು ಎಂದು ಅವಳು ನನ್ನನ್ನು ಕೇಳಿದಳು. ದನಿಯಲ್ಲಿ ಗದರಿಕೆ ಇರಲಿಲ್ಲ. ನಮಗಿಂತ ಮುಂದಿದ್ದ ಸರದಾರಜಿಯೊಬ್ಬರ ಕಡಗಕ್ಕೂ ಯಂತ್ರ ಕೂಗಿತ್ತು. ಅವರು ಒಂದು ಮಾತು ಹೇಳಿದ್ದೇ ತಡ, ತಲೆಯಾಡಿಸಿ ಬಿಟ್ಟಿದ್ದಳು. ಇದು ನಮ್ಮ ದೇವರು, ಮೈಮೇಲಿಂದ ತೆಗೆಯುವುದಿಲ್ಲ ಎಂದು ನಾನೂ ಹೇಳಬಹುದಿತ್ತು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಆದರೆ ಕಾನ್ವೆಂಟಿನ ಎರಡನೆಯ ತರಗತಿಯಲ್ಲಿ ಒಬ್ಬ ಸಿಸ್ಟರ್ ಅಕ್ಕರೆಯಿಂದಲೇ ಹೀಗೆ ಕೇಳಿದ್ದರು. ನಾನು ಬಿಚ್ಚಿ ತೋರಿಸಿದ್ದೆ, ಸುತ್ತಲಿನ ಹುಡುಗಿಯರು ಬಾಗಿ ನೋಡಿ ನಕ್ಕಿದ್ದರು. ಅಂದಿನಿಂದ ಯಾರು ಕೇಳಿದರೂ ಲಾಕೆಟ್ ಎನ್ನುವುದು ರೂಢಿಯಾಗಿತ್ತು. ಅವತ್ತೂ ಬಾಯಿಗೆ ಅದೇ ಬಂತು.

ಲಾಕೆಟ್ ಆದರೆ ತೆಗೆದು ಟ್ರೇಯಲ್ಲಿಡಿ ಎಂದಳು.

“ಏನಂತಾಳವಾ?” ಅತ್ತೆ ಕೇಳಿದರು.

“ತೆಗೀಬೇಕಂತ ಅತ್ತೀ. ಒಂದ ನಿಮಿಷ.”

“ಅದನ್ನ ತೆಗೆಂಗಿಲ್ಲ ಅಂತ ಹೇಳು ಆಕಿಗೆ.”

“ಹಿಂದ ಇಷ್ಟ ಮಂದಿ ನಿಂತಾರ. ನಾ ಹಿಡ್ಕೊಂತೀನಿ, ತೆಗೀರಿ.”

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಕತ್ತು ಬಗ್ಗಿಸಿದರು. ದಾರ ತುರುಬಿನ ಪಿನ್ನಿಗೆ ಸಿಕ್ಕಿಕೊಂಡಿತ್ತು, ನಾನೇ ಬಿಡಿಸಿದೆ. ಕರಡಿಗೆ ಮೈಯ ಬಿಸಿಯಿಂದ ಬೆಚ್ಚಗಿತ್ತು. ಹಿಡ್ಕೊಂತೀನಿ ಅಂದವಳು ಹಿಡಿದುಕೊಳ್ಳಲಿಲ್ಲ. ಫೋನು, ಕನ್ನಡಕದ ಡಬ್ಬಿ, ಬೀಗದ ಕೈಗಳ ಪಕ್ಕದಲ್ಲಿ ಟ್ರೇಗೆ ಇಟ್ಟೆ. ಅಷ್ಟರಲ್ಲಿ ಪಕ್ಕದ ಮೇಜಿನವನು ನಮ್ಮ ಊಟದ ಚೀಲದಿಂದ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ ತೆಗೆದು ಮೂಸಿ ನೋಡಿ ಸೀನತೊಡಗಿದ. ಅದೇನೆಂದು ಅವನಿಗೆ ವಿವರಿಸುತ್ತಿದ್ದೆ, ನಗುತ್ತಿದ್ದೆ ಕೂಡ. ಒಳಗಿನಿಂದ ಜನ ಒಮ್ಮೆಲೇ ಹೋ ಎಂದರು.

“ವಿಕೆಟ್ ಬಿತ್ತು! ಯಾರದ್ರಿ, ನಮ್ಮೋರದೋ ಅವರದೋ?” ಎನ್ನುತ್ತ ಅತ್ತೆ ಮುಂದೆ ಓಡಿದರು. ಮೊಣಕಾಲು ನೋವಿನ ಅತ್ತೆ. ನಾನು ಟ್ರೇಯಲ್ಲಿದ್ದುದನ್ನು ಬ್ಯಾಗಿಗೆ ಸುರುವಿಕೊಂಡು ಅವರ ಹಿಂದೆ ಓಡಿದೆ. ಎಲ್ಲವನ್ನೂ ಸುರುವಿಕೊಂಡೆ ಎಂದೇ ತಿಳಿದಿದ್ದೆ.

ಕುಳಿತು ಒಂದೆರಡು ಓವರಾದ ಮೇಲೆ ಅತ್ತೆ ಅಂಗೈ ಚಾಚಿದರು. “ಕೊಡು.” ಕಣ್ಣು ಮೈದಾನದ ಮೇಲೆಯೇ ಇತ್ತು. ಬ್ಯಾಗಿನಲ್ಲಿ ಕೈಯಾಡಿಸಿದೆ. ಫೋನು ಸಿಕ್ಕಿತು, ಕನ್ನಡಕ ಸಿಕ್ಕಿತು, ಬೀಗದ ಕೈಗಳು ಸಿಕ್ಕವು. ಮತ್ತೆ ಆಡಿಸಿದೆ. ಆಮೇಲೆ ಬ್ಯಾಗನ್ನು ಮಡಿಲಿಗೆ ಸುರಿದುಕೊಂಡೆ. ಚಾಚಿದ ಅಂಗೈ ಹಾಗೇ ಇತ್ತು.

ಬಾಗಿಲಿಗೆ ಓಡಿದೆ. ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಎದೆಯೆತ್ತರ ಪೇರಿಸಿಟ್ಟಿದ್ದರು, ಎಲ್ಲವೂ ಒಂದೇ ಬೂದು ಬಣ್ಣ. ಆ ಹೆಂಗಸು ಬೇರೆ ಕಡೆ ಹೋಗಿದ್ದಳು. ಅವಳ ಜಾಗದಲ್ಲಿದ್ದವನು ತಾನೂ ಬಗ್ಗಿ ಮೇಜಿನ ಕೆಳಗೆಲ್ಲ ಹುಡುಕಿ, ಕಳೆದ ವಸ್ತುಗಳ ಕಚೇರಿಗೆ ಹೋಗಿ ಫಾರ್ಮ್ ತುಂಬಿ ಎಂದ. ತುಂಬಿದೆ. ಯಾವ ಬಗೆಯ ವಸ್ತು? ಆಭರಣ. ವಿವರ? ದಾರಕ್ಕೆ ಕಟ್ಟಿದ, ಮೊಟ್ಟೆಯಾಕಾರದ ಬೆಳ್ಳಿ ಡಬ್ಬಿ. ಒಳಗೆ ಬೆಲೆಬಾಳುವುದು ಏನಾದರೂ ಇದೆಯೇ? ಪೆನ್ನು ಅಲ್ಲಿ ನಿಂತಿತು. ಕಪ್ಪು ಲೇಪದ ಒಂದು ಸಣ್ಣ ಗುಂಡು, ಅದರ ಸುತ್ತ ವಿಭೂತಿ ಹತ್ತಿದ ಹಳೆಯ ಬಟ್ಟೆ ಎಂದು ಬರೆದರೆ ಮೇಜಿನ ಆಚೆಯವನು ತಲೆಯೆತ್ತಿ ನೋಡುತ್ತಾನೆ, ಕೇಳುತ್ತಾನೆ, ನಾನು ಹೇಳಬೇಕಾಗುತ್ತದೆ. ‘ಇಲ್ಲ’ ಎಂದು ಬರೆದೆ. ದುಂಡಗಿನ, ಚೆಂದದ ಅಕ್ಷರ ನನ್ನದು.

ತಿರುಗಿ ಬಂದಾಗ ಅತ್ತೆ ಕೇಳಿದರು, “ಎಲ್ಲಾ ಸರಿಯಾಗಿ ಬರದೇನವಾ?”

“ಬರದೀನ್ರಿ ಅತ್ತಿ.”

ಮಧ್ಯಾಹ್ನ ಕಡಕ್ ರೊಟ್ಟಿಯ ಗಂಟು ಬಿಚ್ಚಿದಾಗ ಅತ್ತೆ ಕೈ ಒಡ್ಡಲಿಲ್ಲ. ನಮ್ಮವರು ಒಂದು ತುಂಡು ಮುರಿದು ಬಾಯಿಯ ಹತ್ತಿರ ಹಿಡಿದರು.

“ಅವ್ವಾ, ನಿನಗ ಸುಗರ್ ಅದ. ಹಟ ಮಾಡಬ್ಯಾಡ.”

“ಹಟ ಏನಪಾ ಇದ್ರಾಗ. ಅದು ಕೈಗೆ ಬರೂತನಕ ಉಣ್ಣಂಗಿಲ್ಲ. ಇಷ್ಟ ವರ್ಷ ಉಂಡಿದ್ದೂ ಅದಕ್ಕ ತೋರಿಸೇ ಉಂಡೀನಿ.”

ಅಷ್ಟೇ ಹೇಳಿದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಕಲಬುರಗಿಯ ಡಾಕ್ಟರಿಗೆ ಫೋನ್ ಮಾಡಿದೆವು. ಊಟವಿಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಲೇಬೇಡಿ, ಹೇಗಾದರೂ ತಿನ್ನಿಸಿ ಎಂದರು. ಆಮೇಲೆ ಕಮಲಾಪುರಕ್ಕೆ, ನಮ್ಮ ಮನೆತನದ ಗುರುಗಳಾದ ಅಯ್ಯನವರಿಗೆ ಹಚ್ಚಿದೆವು. ಕ್ರಿಕೆಟ್ಟಿನಲ್ಲಿ ಅವರೂ ಅತ್ತೆಯಷ್ಟೇ ಹುಚ್ಚರು.

“ಸ್ಕೋರ್ ಎಷ್ಟಾತವಾ? ಇಲ್ಲಿ ಕರೆಂಟ್ ಹೋಗಿ ತಾಸಾತು” ಎಂದರು. ಅತ್ತೆ ಸ್ಕೋರು ಹೇಳಿದರು. ಹೇಳಿ, ಉಳಿದದ್ದನ್ನೂ ಹೇಳಿದರು. ಅಯ್ಯನವರು ಮತ್ತೆ ಸ್ಕೋರಿನ ಮಾತೆತ್ತಲಿಲ್ಲ.

“ಊರಿಗೆ ಬಾ, ಹೊಸಾದು ಕಟ್ತೀನಿ. ಅಲ್ಲೀತನಕ ಬರೇ ಅಂಗೈ ನೋಡ್ಕೋತ ಪೂಜಾ ಮಾಡು, ಉಣ್ಣು. ನಾ ಹೇಳ್ತೀನಲ್ಲ, ದೋಷ ಇಲ್ಲ.”

“ಹೋಗೇ ಬಿಟ್ಟದ ಅಂದ್ರ ಹಂಗ ಮಾಡ್ತಿದ್ನ್ರಿ ಅಯ್ಯನೋರ. ಅದು ಇಲ್ಲೇ ಎಲ್ಲೋ ಬಿದ್ದದ. ಅದನ್ನ ಬಿಟ್ಟು ನಾ ಹ್ಯಾಂಗ ಉಣ್ಣಲಿ?”

“ನೀರರೆ ಕುಡಿ. ಔಷಧಿ ಏನು ಕೊಟ್ಟರೂ ತಗೋ. ಇದು ನನ್ನ ಮಾತು.”

ಅಷ್ಟಕ್ಕೆ ಒಪ್ಪಿದರು.

ಎರಡನೆಯ ದಿನವೂ ಅತ್ತೆ ಮೈದಾನಕ್ಕೆ ಹೊರಟರು. ಹೋಟೆಲಿನಲ್ಲಿ ಮಲಗಿರಿ ಎಂದರೆ, “ಅದು ಅಲ್ಲಿ, ನಾ ಇಲ್ಲೇನು?” ಎಂದರು. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಕಚೇರಿಗೆ ಐದು ಸಲ ಹೋಗಿ ಬಂದೆ. ಆರನೆಯ ಸಲಕ್ಕೆ ಅಲ್ಲಿನವನು ನನ್ನನ್ನು ದೂರದಿಂದಲೇ ನೋಡಿ ತಲೆಯಲ್ಲಾಡಿಸಿದ. ಮೈದಾನದಲ್ಲೂ ಗತಿ ಕೆಟ್ಟಿತ್ತು. ಎದುರಿನವರು ಹೊಡೆದ ರನ್ನು ಬೆಟ್ಟದಷ್ಟು, ನಮ್ಮ ತಂಡದವರು ಸಂಜೆಯೊಳಗೆ ಅರ್ಧಕ್ಕರ್ಧ ಔಟು.

ಅವತ್ತೇ ಆ ಮಾತು ಹುಟ್ಟಿತು. ಯಾರ ಬಾಯಿಂದ ಮೊದಲು ಬಂತೋ ತಿಳಿಯದು. ನಮ್ಮ ಸಾಲಿನ ಒಬ್ಬರು, ಕೆನ್ನೆಗೆ ಬಾವುಟದ ಬಣ್ಣ ಬಳಿದುಕೊಂಡ ಗೃಹಸ್ಥರು, ಬಂದು ಅತ್ತೆಯ ಕಾಲು ಮುಟ್ಟಿದರು.

“ಅಮ್ಮಾರ, ಟೀಮಿನ ಸಲುವಾಗಿ ಉಪವಾಸ ಹಿಡದೀರಂತಲ್ರಿ. ನಿಮ್ಮಂಥೋರು ಇರೂದಕ್ಕ ದೇಶ ನಡದದ ನೋಡ್ರಿ.”

“ಏ ತಮ್ಮಾ, ನಂದೊಂದು ಕಳದದ. ಅದಕ್ಕ ಉಂಡಿಲ್ಲ.”

“ಹಂಗೇ ಅನ್ರಿ ಅಮ್ಮಾ. ಹರಕಿ ಬಾಯಿ ಬಿಟ್ಟು ಹೇಳಬಾರದು, ನಂಗೂ ಗೊತ್ತದ” ಎಂದು ಅವರು ಕಣ್ಣು ಮಿಟುಕಿಸಿ ಹೋದರು.

ಆಮೇಲೆ ಅತ್ತೆ ಏನು ಹೇಳಿದರೂ ಅದು ಹರಕೆ ಮುಚ್ಚಿಡುವ ಮಾತೇ ಆಯಿತು. ಬೇರೆ ಊರುಗಳಿಂದ ಬಂದ ಗುಂಪಿನವರೂ ಹುಡುಕಿಕೊಂಡು ಬಂದು ಅವರ ಪಕ್ಕ ಕೂತು ಫೋಟೋ ತೆಗೆಸಿಕೊಂಡರು. ಅತ್ತೆಗೆ ತಳ್ಳಲು ಶಕ್ತಿ ಇರಲಿಲ್ಲ. ಫೋಟೋಗಳಲ್ಲಿ ಅವರ ಬಲಗೈ ಖಾಲಿ ಎದೆಯ ಮೇಲಿದೆ. ನೋಡಿದವರು ಅದನ್ನು ದೇಶಭಕ್ತಿ ಎಂದು ತಿಳಿದುಕೊಂಡರು.

ಮೂರನೆಯ ದಿನ ಬೆಳಿಗ್ಗೆ ನಮ್ಮ ತಂಡ ಆಲೌಟಾಗಿ, ಫಾಲೋ ಆನ್ ಆಗಿ ಮತ್ತೆ ಬ್ಯಾಟು ಹಿಡಿಯಿತು. ಎರಡು ವಿಕೆಟ್ ಬೇಗ ಹೋದವು. ಮೂರನೆಯ ಜೋಡಿ ಕಚ್ಚಿಕೊಂಡು ನಿಂತಿತು. ಒಂದು ತಾಸು, ಎರಡು ತಾಸು. ನಮ್ಮ ಹಿಂದಿನ ಸಾಲುಗಳಲ್ಲಿ ಹಲಗೆ ಬಾರಿಸತೊಡಗಿದರು. ಯಾರೋ ಅತ್ತೆಗೆ ಬಿಸಿಲು ತಾಗದಂತೆ ಛತ್ರಿ ಹಿಡಿದರು, ಯಾರೋ ಟೊಪ್ಪಿಗೆ ತಂದುಕೊಟ್ಟರು. ಊಟ ಮಾತ್ರ ಯಾರೂ ಕೊಡಲು ಬರಲಿಲ್ಲ. ನಮ್ಮ ಅಡುಗೆಯವನು ಮೊಸರನ್ನದ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಬಾವುಟದ ಕೆನ್ನೆಯವರು ಅಡ್ಡ ನಿಂತರು.

“ಆ ಡಬ್ಬಿ ಒಳಗಿಡೋ ಮಾರಾಯಾ. ಈಗ ಉಂಡು, ಒಬ್ಬವ ಔಟ್ ಆದ್ರ ನಿನ್ನ ಮ್ಯಾಲೆ ಬರತದ.”

“ಆಕಿ ನನ್ನ ತಾಯಿ ಅದಾಳ್ರೀ” ಎಂದು ನಮ್ಮವರು ಎದ್ದರು. ದನಿ ಒಡೆದಿತ್ತು.

“ಎಲ್ಲಾರ ತಾಯಿನೂ ಹೌದ್ರಿ ಸಾವಕಾರ. ನಾಡಿದ್ದ ಸಂಜಿತನಕ ತಡದ್ರ ಡ್ರಾ ಆಗತದ” ಎಂದರು ಯಾತ್ರೆಯವರು, ಕೈ ಮುಗಿದು, ನಿಜವಾದ ಭಕ್ತಿಯಿಂದ.

ನಾನು ಅತ್ತೆಯನ್ನೇ ನೋಡುತ್ತಿದ್ದೆ. ತುಟಿ ಬಿಳಿಚಿ ಅಂಚಿನಲ್ಲಿ ಸಿಪ್ಪೆಯೆದ್ದಿತ್ತು. ಉಗುರುಗಳು ನೇರಳೆಯಾಗಿದ್ದವು. ಕೈಯ ಉಂಗುರ ಬೆರಳಿನಲ್ಲಿ ನಿಲ್ಲದೆ ಪಕ್ಕಕ್ಕೆ ವಾಲಿತ್ತು. ಒಂದೊಂದು ಎಸೆತಕ್ಕೂ ಸುತ್ತಲಿನವರು ಮೊದಲು ಮೈದಾನ ನೋಡಿ, ಆಮೇಲೆ ಅತ್ತೆಯ ಬಾಯಿ ನೋಡುತ್ತಿದ್ದರು. ಎದ್ದು ನಿಂತು, ಇದು ಹರಕೆಯಲ್ಲ, ನನ್ನ ತಪ್ಪು ಎಂದು ಕೂಗಬೇಕೆನಿಸಿತು. ನಾನು ಜೀವನದಲ್ಲಿ ಕೂಗಿದವಳಲ್ಲ. ಅತ್ತೆಯ ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿದೆ.

ಚಹಾದ ಬಿಡುವಿನ ಸ್ವಲ್ಪ ಮೊದಲು ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಾಣಿಸಿದಳು. ಮೈದಾನ ಗುಡಿಸಿ ಒರೆಸುವವರ ಹಸಿರು ಅಂಗಿ, ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಕೈಯಲ್ಲಿ ಪ್ಲಾಸ್ಟಿಕ್ ಲಕೋಟೆ, ಅದಕ್ಕೆ ನನ್ನ ಫಾರ್ಮ್ ಪಿನ್ನು ಮಾಡಿತ್ತು. ಸಾಲುಗಳ ಸಂಖ್ಯೆ ಓದುತ್ತ ಏದುಸಿರು ಬಿಡುತ್ತ ನಮ್ಮ ಹತ್ತಿರ ಬಂದಳು. ಲಕೋಟೆಯೊಳಗೆ ಬೆಳ್ಳಿ ಹೊಳೆಯಿತು.

ಅತ್ತೆ ಎದ್ದು ನಿಂತರು. ಎರಡು ದಿನ ಮೇಲೇಳಲು ನನ್ನ ಭುಜ ಹಿಡಿಯುತ್ತಿದ್ದವರು ತಾವಾಗಿಯೇ ಎದ್ದರು. “ಸಿಕ್ಕತೇನ? ಯವ್ವಾ, ಸಿಕ್ಕತು!” ಎಂದು ಎರಡೂ ಕೈ ಚಾಚಿದರು. ನಮ್ಮವರು ಅಳತೊಡಗಿದರು.

ಕರಡಿಗೆ ಹೊಸದರಂತೆ ಲಕಲಕ ಅನ್ನುತ್ತಿತ್ತು. ಅತ್ತೆ ಹಣೆಗೊತ್ತಿಕೊಂಡು, ಮುಚ್ಚಳ ತಿರುಗಿಸಿ, ಎಡ ಅಂಗೈಗೆ ಬಗ್ಗಿಸಿದರು. ಏನೂ ಬೀಳಲಿಲ್ಲ. ಅಂಗೈಗೆ ಬಡಿದು ನೋಡಿದರು. ಒಳಗೆ ಬೆರಳು ಹಾಕಿದರು. ಮೂಸಿದರು. ಸಾಬೂನಿನ ವಾಸನೆ ನನ್ನ ಮೂಗಿಗೂ ಬಂತು.

ಆ ಹೆಂಗಸು ಸಂತೋಷದಿಂದ ನನಗೆ ವಿವರಿಸುತ್ತಿದ್ದಳು. ಟ್ರೇಗಳ ರಾಶಿಯ ಹಿಂದೆ ಬಿದ್ದಿತ್ತಂತೆ. ತೆರೆದು ನೋಡಿದರೆ ಒಳಗೆ ಕೊಳಕು ಬಟ್ಟೆ, ಬೂದಿ, ಡಾಂಬರಿನಂಥ ಒಂದು ಉಂಡೆ. ಯಾರೋ ಸಿಗರೇಟು ಆರಿಸಲು ಬಳಸಿದ್ದಾರೆ ಎಂದುಕೊಂಡಳಂತೆ. ಫಾರ್ಮ್ ನೋಡಿದಳು, ಒಳಗೆ ಬೆಲೆಬಾಳುವುದು ಏನೂ ಇಲ್ಲ ಎಂದಿತ್ತು. ಇಷ್ಟು ಚೆಂದದ ಡಬ್ಬಿಯನ್ನು ಹೀಗೆ ಕೊಡುವುದು ಹೇಗೆಂದು ಎಲ್ಲ ಕೆರೆದು ತೆಗೆದು, ಬಿಸಿನೀರಿನಲ್ಲಿ ತೊಳೆದು, ಉಜ್ಜಿ ತಂದಿದ್ದಳು. ಅದು ಅವಳ ಊಟದ ಬಿಡುವಿನ ಹೊತ್ತು.

“ಏನಂತಾಳ?” ಅತ್ತೆ ಕೇಳಿದರು.

“ತೊಳದಾಳಂತ ಅತ್ತಿ.”

“ಒಳಗಿಂದು ಎಲ್ಲಿ ಚೆಲ್ಯಾಳ ಕೇಳು.”

ಕೇಳಿದೆ. ಕಸದ ಬುಟ್ಟಿಗೆ, ಬುಟ್ಟಿ ಗಾಡಿಗೆ, ಗಾಡಿ ಆಗಲೇ ಹೋಯಿತು. ಯಾಕೆ, ಏನಾದರೂ ತಪ್ಪಾಯಿತೇ ಎಂದಳು. ಅವಳ ಬೆರಳ ತುದಿಗಳು ಬಿಸಿನೀರಿನಿಂದ ಸುಕ್ಕುಗಟ್ಟಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, “ಥ್ಯಾಂಕ್ಯೂ” ಎಂದರು. ಅವರಿಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಅದೊಂದು. ಹೆಂಗಸು ನಗುತ್ತ ಮೆಟ್ಟಿಲಿಳಿದು ಹೋದಳು.

“ಆಕಿಗೆ ಏನೂ ಹೇಳಬ್ಯಾಡ,” ಅತ್ತೆ ಎಂದರು. “ಚಂದ ಮಾಡಿ ಕೊಟ್ಟೀನಿ ಅಂತ ತಿಳಕೊಂಡಾಳ ಪಾಪ.”

ಹಿಂದಿನಿಂದ ಯಾರೋ ಕೇಳಿದರು: “ಸಿಕ್ಕತಲ್ರಿ ಅಮ್ಮಾ, ಆದ್ರೂ ಆಟ ಮುಗಿಯೂತನಕ ತಡೀತೀರಿ ಹೌದಲ್ರಿ?” ಅತ್ತೆ ಕರಡಿಗೆಯ ಮುಚ್ಚಳ ಹಾಕಿದರು. ಕುಳಿತರು. ಕುಳಿತ ಹಾಗೇ ನನ್ನ ಕಡೆ ವಾಲಿದರು. ತಲೆ ನನ್ನ ಭುಜಕ್ಕೆ ಬಿದ್ದಾಗ ಒಣಗಿದ ತೆಂಗಿನ ಗರಿಯಷ್ಟು ಹಗುರವಿತ್ತು.

ಆಸ್ಪತ್ರೆಯಲ್ಲಿ ಕೈಗೆ ಸಲೈನು ಹಾಕಿದರು. ಔಷಧಿ ಎಂದು ಅದನ್ನು ಬೇಡ ಅನ್ನಲಿಲ್ಲ. ಉಪ್ಪು ಸಕ್ಕರೆಯ ನೀರನ್ನೂ ಔಷಧಿ ಎಂದು ಕುಡಿಸಿದೆವು. ತಟ್ಟೆಯಲ್ಲಿ ಏನು ಬಂದರೂ ಮುಖ ಗೋಡೆಗೆ ತಿರುಗುತ್ತಿತ್ತು. ಹೋಗೇ ಬಿಟ್ಟಿತಲ್ಲ, ಅಯ್ಯನವರು ಹೇಳಿದಂತೆ ಉಣ್ಣಿ ಎಂದರೆ, “ಅದು ಕಸದಾಗ ಬಿದ್ದದ, ನಾ ಉಣ್ಣಲೇನು?” ಎನ್ನುತ್ತಿದ್ದರು. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಎಷ್ಟು ಎನ್ನುವುದು ಮುಂದೆ ಗೊತ್ತಾಗುತ್ತದೆ ಎಂದು ಡಾಕ್ಟರು ನನಗೆ ನಿಧಾನವಾಗಿ ಹೇಳಿದರು. ದುಭಾಷಿ ನಾನೇ ಅಲ್ಲವೇ. ಅದನ್ನು ನಮ್ಮವ‌ರಿಗೆ ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

ಆಸ್ಪತ್ರೆ ಸೇರಿದ ಎರಡನೆಯ ದಿನ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

“ನೀ ಚೀಟ್ಯಾಗ ಎಲ್ಲಾ ಬರದಿದ್ದೆಲ್ಲಾ. ಆಕಿ ಓದಲಿಲ್ಲೇನ?”

ಆ ಕ್ಷಣ ಹೇಳಬಹುದಿತ್ತು. ಸಲೈನಿನ ಹನಿಗಳನ್ನು ಎಣಿಸುತ್ತ ಕುಳಿತೆ. ಹತ್ತು, ಹದಿನೈದು.

“ಓದಿರಲಿಕ್ಕಿಲ್ರಿ ಅತ್ತಿ” ಎಂದೆ.

ಪಂದ್ಯದ ಐದನೆಯ ದಿನ ಸಂಜೆ ಯಾತ್ರೆಯವರು ನಾಲ್ಕು ಜನರೊಂದಿಗೆ ಹೂವು ಹಿಡಿದು ಬಂದರು. “ಅಮ್ಮಾರ, ಡ್ರಾ ಆತ್ರಿ! ನೀವು ಗೆದ್ರಿ!” ನರ್ಸು ಅವರನ್ನು ಹೊರಗೆ ಕಳಿಸಿದಳು. ಅಷ್ಟು ವರ್ಷ ಸ್ಕೋರು ಕೇಳದೆ ಮಲಗದ ಅತ್ತೆ ಯಾರು ಎಷ್ಟು ಹೊಡೆದರು ಎಂದು ಕೂಡ ಕೇಳಲಿಲ್ಲ.

ಹೈದರಾಬಾದಿನಲ್ಲಿ ವಿಮಾನ ಇಳಿದು ಕಾರಿನಲ್ಲಿ ಹೊರಟೆವು. ಹುಮನಾಬಾದ್ ದಾಟಿದರೆ ಕಲಬುರಗಿಗಿಂತ ಮೊದಲು ಕಮಲಾಪುರವೇ ಬರುತ್ತದೆ. ಅಲ್ಲಿ ಅಯ್ಯನವರು ಮಡಿಯುಟ್ಟು ಕಾದಿದ್ದರು. ಹೊಸ ಲಿಂಗವನ್ನು ಅದೇ ಕರಡಿಗೆಯಲ್ಲಿಟ್ಟು ಕಟ್ಟಿದರು. ಅತ್ತೆ ಅಂಗೈ ನೋಡುತ್ತ ಬಹಳ ಹೊತ್ತು ಕುಳಿತರು. ಆಮೇಲೆ ಮೈದುನನ ಹೆಂಡತಿ ಕೊಟ್ಟ ಗಂಜಿಯನ್ನು ಎರಡು ಚಮಚ ಕುಡಿದರು. ಮೂರನೆಯದನ್ನು ನಾನು ಹಿಡಿದೆ. ಸಾಕವಾ ಎಂದರು. ಹೊಟ್ಟೆ ತುಂಬಿತ್ತೋ, ನನ್ನ ಕೈ ಬೇಡವಾಯಿತೋ ಅವತ್ತು ತಿಳಿಯಲಿಲ್ಲ.

ಈಗ ಕಲಬುರಗಿಯಲ್ಲಿ ನಮ್ಮ ಜೊತೆಯೇ ಇದ್ದಾರೆ, ಆಸ್ಪತ್ರೆ ಹತ್ತಿರ ಎಂದು. ಉಪ್ಪು ಕಮ್ಮಿ, ಅಳತೆಯ ನೀರು. ಕಮಲಾಪುರದ ಬಾಳೆಹಣ್ಣನ್ನು ಡಾಕ್ಟರು ಬಿಡಿಸಿದ್ದಾರೆ. ಪೂಜೆ ಮೊದಲಿಗಿಂತ ಉದ್ದವಾಗಿದೆ. ದೇವರ ಕೋಣೆಯಿಂದ ಮೆಲ್ಲಗೆ ಗೊಣಗುವ ಸದ್ದು ಕೇಳುತ್ತಿರುತ್ತದೆ. ಮಂತ್ರ ಎಂದುಕೊಂಡಿದ್ದೆ.

ಪ್ರವಾಸವಾಗಿ ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಯಾತ್ರೆಯವರು ಪೇಢೆಯ ಡಬ್ಬಿ ಹಿಡಿದು ಬಂದರು. ಅತ್ತೆ ಪಡಸಾಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಯಾತ್ರೆಯವರ ಕೈಯಲ್ಲಿ ಮುಂದಿನ ಪ್ರವಾಸದ ಕರಪತ್ರ. ಅದರ ಮೇಲೆ ಸೀರೆಯ ಮೇಲೆ ನೀಲಿ ಜರ್ಸಿಯ ಅತ್ತೆ, ಎದೆಯ ಮೇಲೆ ಕೈ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಉಪವಾಸದಿಂದ ಪಂದ್ಯ ಉಳಿಸಿದ ತಾಯಿ ನಮ್ಮೊಂದಿಗೆ.’

“ಅಮ್ಮಾರು ಈ ಸಲನೂ ಬರಬೇಕ್ರಿ. ಉಪವಾಸ ಬ್ಯಾಡ, ಬರೇ ಕುಂತ್ರ ಸಾಕು. ಅಮ್ಮಾರು ಬಂದ್ರ ನಾವೂ ಬರ್ತೀವಿ ಅಂತ ಹತ್ತು ಮಂದಿ ಅಂದಾರ.”

ಅತ್ತೆ ಕರಪತ್ರ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಅವರ ಮುಂಗೈಯಲ್ಲಿ ಸೂಜಿ ಚುಚ್ಚಿದ ಕಲೆಗಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಕೈಗೆಲ್ಲ ಜೋಳದ ಹಿಟ್ಟು.

“ಅಣ್ಣಾರ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ದೊಡ್ಡದಾಗಿತ್ತು. “ಅತ್ತಿಯವರು ಮ್ಯಾಚಿನ ಸಲುವಾಗಿ ಉಪವಾಸ ಕುಂತಿರಲಿಲ್ಲ. ಅವರ ಲಿಂಗ ತೆಗೆಸಿದ್ದು ನಾನು, ಕಳದದ್ದು ನಾನು. ಒಳಗ ಬೆಲಿ ಬಾಳೂದು ಏನೂ ಇಲ್ಲ ಅಂತ ಚೀಟ್ಯಾಗ ಬರದದ್ದೂ ನಾನೇ. ಆ ಹೆಣ್ಮಗಳು ಅದನ್ನ ಓದೇ ಚೆಲ್ಲಿದ್ಲು.”

ಯಾತ್ರೆಯವರು ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಕರಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದರು. ಪೇಢೆಯ ಡಬ್ಬಿ ಕಟ್ಟೆಯ ಮೇಲೆಯೇ ಉಳಿಯಿತು.

ಅತ್ತೆಯ ಬೆರಳು ಸೊಪ್ಪಿನ ಮೇಲೆ ನಿಂತಿತ್ತು. ಎದ್ದು ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಊಟಕ್ಕೆ ಕರೆದೆ. ಬರಲಿಲ್ಲ. ಮತ್ತೊಮ್ಮೆ ಕರೆಯುವ ಧೈರ್ಯವಾಗಲಿಲ್ಲ. ರೊಟ್ಟಿಗಳು ಬುಟ್ಟಿಯಲ್ಲಿ ತಣ್ಣಗಾದವು. ನಮ್ಮವರು ಅಂಗಡಿಯಲ್ಲಿದ್ದರು. ಫೋನ್ ಮಾಡಲೇ ಎಂದು ಎತ್ತಿಕೊಂಡು ಇಟ್ಟುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು ನನ್ನ ಎದುರಿಗೆ ನೆಲದ ಮೇಲೆ ಕುಳಿತರು.

“ದವಾಖಾನ್ಯಾಗ ಕೇಳಿದ್ನೆಲ್ಲಾ ನಾ. ಆಕಿ ಓದಲಿಲ್ಲೇನ ಅಂತ.”

“ಹೌದ್ರಿ ಅತ್ತಿ.”

“ಅವತ್ತೇ ಹೇಳಬೇಕಿತ್ತವಾ ನೀ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬಳಲಿಕೆ ಇತ್ತು. “ಬರದಿದ್ದನ್ನ ಓದದೇ ಚೆಲ್ಯಾಳ, ಬೇಫಿಕರ್ ಹೆಂಗಸು ಅಂತ ಆರು ತಿಂಗಳಾತು ಆಕಿ ಮ್ಯಾಲೆ ಸಿಟ್ಟು ಹಿಡದೀನಿ. ದಿನಾ ಲಿಂಗ ಕೈಯಾಗ ಹಿಡಕೊಂಡು ಕುಂತು ಆಕಿಗೆ ಬೈದೀನಿ. ಶಾಪ ಹಾಕೀನಿ. ಈಗ ಎಲ್ಲಿಗೆ ಹೋಗಿ, ಯಾರ ಮುಂದ ತಪ್ಪಾತು ಅನ್ಲಿ?”

ಆ ಹೆಂಗಸಿನ ಹೆಸರನ್ನು ಕೂಡ ನಾವು ಯಾರೂ ಕೇಳಿರಲಿಲ್ಲ.

ತಣ್ಣಗಾದ ರೊಟ್ಟಿಯ ಬುಟ್ಟಿಯ ಕಡೆ ನೋಡಿ ಅತ್ತೆ ಕೇಳಿದರು, “ನೀ ಉಂಡೇನ?”

“ಇಲ್ರಿ.”

“ನಾನೂ ಇಲ್ಲ.”

ತಾಟು ಹಾಕು ಎಂದು ಅವರು ಅನ್ನಲಿಲ್ಲ. ಹಾಕಲೇ ಎಂದು ನಾನು ಕೇಳಲಿಲ್ಲ. ನಮ್ಮವರು ಅಂಗಡಿ ಮುಚ್ಚಿ ಬರುವವರೆಗೂ ಹಾಗೇ ಎದುರುಬದುರು ಕುಳಿತಿದ್ದೆವು.